ತಂತಿ ಮಾವ

ಕೊಯಮತ್ತೂರು, ತಿರುಪ್ಪೂರಿನ ಕಡೆ ನಮ್ಮ ದೇವಾಂಗರ ಬೀದಿಗಳಲ್ಲಿ ಹುಡುಕಿದರೆ ಒಬ್ಬ ತಂತಿ ಮಾವ ಸಿಕ್ಕೇ ಸಿಗುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ರೇಡಿಯೊದಲ್ಲಿ ಇಂಗ್ಲಿಷು. ಹವ್ಯಾಸಿ ರೇಡಿಯೊದ ಹ್ಯಾಮ್ ಪರೀಕ್ಷೆ ಪಾಸಾಗಿ ವಿಯು3 ಅಂತ ಶುರುವಾಗುವ ಕರೆಸಂಕೇತ ಸಿಕ್ಕ ದಿನದಿಂದ ಇವರು ನೆಲ ನೋಡಿ ನಡೆದವರಲ್ಲ.

ಆಸೆಯೇನೂ ದೊಡ್ಡದಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಮಾತಾಡಲು ಅರ್ಧ ಅಲೆಯುದ್ದದ ಆಂಟೆನಾ ತಂತಿ ಬೇಕು, ಸುಮಾರು 20 ಮೀಟರು, ಅಂದರೆ 66 ಅಡಿ. ಸೈಟು 30-40ರದು. ಮೂಲೆಯಿಂದ ಮೂಲೆಗೆ ಎಳೆದರೂ ಪೈಥಾಗೊರಸ್ 50ರ ಮೇಲೆ ಒಂದಂಗುಲ ಕೊಡುವುದಿಲ್ಲ. ಮಿಕ್ಕ 16 ಅಡಿಯ ಚಿಂತೆಯಲ್ಲೇ ಮಾವನ ತಲೆ ಬೋಳಾದದ್ದು. ಕೊನೆಗೆ ಆ ಕಡೆ 8, ಈ ಕಡೆ 8 ಅಡಿ ಕೆಳಕ್ಕೆ ಇಳಿಬಿಟ್ಟರು. ರೇಡಿಯೊ ಒಪ್ಪಿತು. ಅತ್ತೆಯೂ ಒಪ್ಪಿ, ಅದರ ಮೇಲೆ ಒದ್ದೆ ಪಂಚೆ ಹರವಿದರು. ಆಂಟೆನಾ ಹೊಂದಿಕೆ ಅಳೆಯುವ ಮೀಟರಿನ ಮುಳ್ಳು 1.5ರಿಂದ 3ಕ್ಕೆ ಹಾರಿತು. "ತುದಿಯಲ್ಲೇ ಕಣೇ ವೋಲ್ಟೇಜು ಜಾಸ್ತಿ!" ಎಂದು ಮಾವ ಕೂಗಿದರೆ, "ಹಂಗಾದ್ರೆ ಬೇಗ ಒಣಗುತ್ತೆ ಬಿಡಿ" ಎಂದರು ಅತ್ತೆ.

ತಂತಿಗೆ ಬರವಿಲ್ಲ. ಪಂಪ್‌ಸೆಟ್ಟಿನ ಊರಲ್ಲವೇ, ಮೋಟರು ವೈಂಡಿಂಗ್ ಅಂಗಡಿಯಲ್ಲಿ ತಾಮ್ರ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಬರವಿರುವುದು ಕಂಬಕ್ಕೆ. ಪಕ್ಕದ ಮನೆಯವರ ತೆಂಗಿನಮರಕ್ಕೆ ಹಗ್ಗ ಕಟ್ಟುವಾಗ ಅವರು, "ಎನ್ನಂಗ ಸಾರ್, ಕೇಬಲ್ ಟಿವಿಯಾ?" ಎಂದರು. ಮಾವ ಭೂಮಿಯಿಂದ ಶುರುಮಾಡಿ ಅಯಾನುಗೋಳದವರೆಗೆ ಹೋಗಿ, ಅಲೆ ಅಲ್ಲಿಂದ ಹೇಗೆ ಬಾಗಿ ಕೆಳಗೆ ಬರುತ್ತದೆಂದು ವಿವರಿಸಿದರು. ಅಂದಿನಿಂದ ಅವರು ಏನನ್ನೂ ಕೇಳಿಲ್ಲ. ಮರವನ್ನೇ ಬಿಟ್ಟುಕೊಟ್ಟಿದ್ದಾರೆ.

ಆದರೆ ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಆಷಾಢದ ಗಾಳಿಗೆ ಮರ ತೂಗಿದರೆ ತಂತಿ ಪಟ್ಟನೆ ಹರಿಯುತ್ತದೆ. ಅದಕ್ಕೆ ರಾಟೆ ಕಟ್ಟಿ, ಹಗ್ಗದ ತುದಿಗೆ ಭಾರ ತೂಗುಬಿಟ್ಟರು. ಭಾರ ಯಾವುದು? ಅತ್ತೆಯ ಹಳೇ ಗ್ರೈಂಡರಿನ ಕಲ್ಲು. ಆಡಿ ತಿಂಗಳ ಗಾಳಿಗೆ ಅರೆಯುವ ಅಮ್ಮಿಕಲ್ಲೂ ಹಾರುತ್ತದೆ ಎಂಬ ತಮಿಳು ಗಾದೆಯನ್ನು ನಮ್ಮ ಬೀದಿಯ ಮಕ್ಕಳು ಪ್ರತಿವರ್ಷ ಕಣ್ಣಾರೆ ನೋಡುತ್ತಾರೆ.

ಕರೆಂಟು ಹೋದರೆ ಬೀದಿಯೆಲ್ಲ ಶಪಿಸುತ್ತದೆ, ಮಾವ ಒಬ್ಬರೇ ಕೈಮುಗಿಯುತ್ತಾರೆ. ಎಲ್‌ಇಡಿ ಬಲ್ಬು, ಇಸ್ತ್ರಿಪೆಟ್ಟಿಗೆ, ಮಗ್ಗದ ಮೋಟರು, ಎಲ್ಲದರ ಗೊರಗೊರ ನಿಂತು ಬ್ಯಾಂಡು ಶುಭ್ರವಾಗುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ ಕತ್ತಲಲ್ಲೇ ಕರೆಯುತ್ತಾರೆ. ಇಷ್ಟೆಲ್ಲ ಪಾಡುಪಟ್ಟು ಇಂಡೊನೇಷ್ಯದವನೊಬ್ಬ ಸಿಕ್ಕಿದರೆ ಮಾತೇನು? "ನಿಮ್ಮದು ಯಾವ ಆಂಟೆನಾ?" ಅವನೂ ಅದನ್ನೇ ಕೇಳುತ್ತಾನೆ. ಇಬ್ಬರೂ '73' ಎಂದು ನಮಸ್ಕಾರ ಹೇಳಿ ಎದ್ದುಬಿಡುತ್ತಾರೆ.

ಮೊನ್ನೆ ಅಕ್ಕನ ಮಗನಿಗೆ ಹೆಣ್ಣು ನೋಡಲು ಸೋಮನೂರಿಗೆ ಹೋಗಿದ್ದೆವು. ಉಪ್ಪಿಟ್ಟು ಆರಿದರೂ ಮಾವನ ಸುಳಿವಿಲ್ಲ. ತಾರಸಿಯಲ್ಲಿ ಹೆಜ್ಜೆ ಅಳೆಯುತ್ತಿದ್ದರು. ಇಳಿದು ಬಂದಾಗ ಅಕ್ಕ ಮೆಲ್ಲಗೆ, "ಹೆಂಗಿದೆ ಸಂಬಂಧ?" ಎಂದಳು.

"ಒಳ್ಳೇದೇ. ಉತ್ತರ-ದಕ್ಷಿಣ 70 ಅಡಿ ಸಿಗುತ್ತೆ. ಪಕ್ಕದಲ್ಲಿ ಮಗ್ಗದ ಶೆಡ್ಡು ಇದೆ, ಅದೊಂದೇ ಯೋಚನೆ."