ಪೆಟ್ಟಿಗೆಯ ಪ್ರಾಯ

ಕುವೈತಿನ ಸಾಲ್ಮಿಯಾದ ಫ್ಲ್ಯಾಟಿಗೆ ಪುರಾತನ ಕಳೆ ಬರಲೆಂದು ಕನ್ನಡ ಗೃಹಸ್ಥರು ದಿನಾರು ತೆತ್ತು ತರುವ ‘ಸಂದೂಕ್’, ಅಂದರೆ ಹಿತ್ತಾಳೆಯ ಮೊಳೆಗಳ ಚಿತ್ತಾರವಿರುವ ಮರದ ಪೆಟ್ಟಿಗೆ, ಅಪ್ಪಟ ಅರಬ್ಬಿಯೆನಿಸಿದರೂ, ಅಂಥವು ಅನೇಕ ಸೂರತ್, ಮುಂಬಯಿ, ಮಲಬಾರುಗಳಲ್ಲಿ ತಯಾರಾಗಿ, 1961ರವರೆಗೆ ರೂಪಾಯಿಯೇ ಚಲಾವಣೆಯಲ್ಲಿದ್ದ ಕುವೈತಿಗೆ ಹಾಯಿಹಡಗೇರಿ ಬಂದ ನಮ್ಮ ಕಡೆಯ ನೆಂಟರೇ ಆಗಿವೆ. ಪೆಟ್ಟಿಗೆಯ ಪ್ರಾಯವನ್ನು ಹೊಳೆಯುವ ಮುಂಬದಿಯಲ್ಲಲ್ಲ, ಹಿಂಬದಿಯ ಒರಟು ಹಲಗೆ, ಉಳಿಯ ಗುರುತು, ಕೈಯಲ್ಲಿ ಕೊರೆದುದರಿಂದ ಒಂದರಂತೆ ಇನ್ನೊಂದಿರದ ಕೀಲುಗಳಲ್ಲಿ ಹುಡುಕಬೇಕು. ಕೊಳ್ಳುವ ಹಳೆಯ ವಸ್ತು ಪಿಂಗಾಣಿಯಾದರೆ ಮಗುಚಿ, ಅಡಿಬಳೆಯ, ಎಂದರೆ ಪಾತ್ರೆ ನಿಲ್ಲುವ ಉಂಗುರದಂಚಿನ, ಸವೆತವನ್ನು ನೋಡಬೇಕು. ಮೌಲ್ಯವನ್ನು ವಯಸ್ಸಿನ ಜೊತೆಗೆ ಅಪರೂಪತೆ, ಸುಸ್ಥಿತಿ, ಒಡೆತನದ ದಾಖಲೆಗಳೂ ನಿರ್ಧರಿಸುತ್ತವೆಯಾದರೂ, ಚೌಕಾಸಿ ಬಿಗಿಯಾದಂತೆಲ್ಲ ಪೆಟ್ಟಿಗೆಗೆ ಐವತ್ತು ವರ್ಷ ಕೂಡಿಸುವ ವ್ಯಾಪಾರಿಯ ಕಾಲಗಣನೆ ಯಾವ ಶಾಸ್ತ್ರಕ್ಕೂ ನಿಲುಕದು.