ಕಾರ್ಡುಪೂರ್ವ ಪ್ರಯಾಣ ಮೀಮಾಂಸೆ: ಬನದ ಹುಣ್ಣಿಮೆಗೆ ಬಂದು ಸಿಕ್ಕಿಬಿದ್ದ ಕಾಯಂ ನಿವಾಸಿಯ ಸ್ವರೂಪ ವಿಚಾರ

ಬಾಗಲಕೋಟೆ ಜಿಲ್ಲೆಯ ಬಗ್ಗೆ ಬರೆದ ವಿದ್ವಾಂಸರು ಬಾದಾಮಿಯ ಗುಹೆ, ಐಹೊಳೆಯ ಗುಡಿ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು ಎಲ್ಲಕ್ಕೂ ಒಂದೊಂದು ಅಧ್ಯಾಯ ಕೊಟ್ಟಿದ್ದಾರೆ. ಈಚೆಗೆ ಈ ಸೀಮೆಯಲ್ಲಿ ಕಾಣಿಸಿಕೊಳ್ಳತೊಡಗಿರುವ ಒಂದು ಜೀವಿ ಮಾತ್ರ ಇನ್ನೂ ಯಾವ ಗ್ರಂಥಕ್ಕೂ ಸೇರಿಲ್ಲ. ಕೆನಡಾದ ಕಾಯಂ ನಿವಾಸ (ಪಿಆರ್) ಸಿಕ್ಕ ಮೇಲೆ, ನಿವಾಸದ ಕಾರ್ಡು ಅಂಚೆಯಲ್ಲಿ ಬರುವ ಮುನ್ನವೇ ಊರಿಗೆ ಬಂದು, ಹೊಳ್ಳಿ ಹೋಗಲಾರದೆ ಇಳಕಲ್ಲಿನ ಕಟ್ಟೆಯ ಮೇಲೆ ಕೂತ ಜೀವಿ ಅದು. ಇದಕ್ಕೆ 'ನಿಷ್ಕಾರ್ಡ ನಿವಾಸಿ' ಎಂಬ ಶಾಸ್ತ್ರೀಯ ನಾಮವನ್ನು ನಾವು ಪ್ರಸ್ತಾಪಿಸುತ್ತೇವೆ.

ಲಕ್ಷಣ ನಿರೂಪಣೆ. ಹುನಗುಂದದ ಬಿಸಿಲಿನಲ್ಲೂ ಕೈಯಲ್ಲಿ ದಪ್ಪ ಜಾಕೆಟ್ಟು. ರಾತ್ರಿ ಎರಡಕ್ಕೆ ಎಚ್ಚರ, ಹಗಲು ಹನ್ನೊಂದಕ್ಕೆ ಆಕಳಿಕೆ. 'ಯಾವಾಗ ಹೊಕ್ಕೀಪಾ?' ಎಂದು ಕೇಳಿದರೆ ಉತ್ತರ ಕೊಡದೆ ಸಜ್ಜಿ ರೊಟ್ಟಿಯ ಗುಣಗಾನಕ್ಕೆ ತೊಡಗುತ್ತದೆ. ಮಂದಿ ಸೇರಿದಲ್ಲಿ 'ಪಿಆರ್ ಆಗೇತಿ' ಎಂದು ಗಟ್ಟಿಯಾಗಿಯೂ, 'ಕಾರ್ಡ್ ಒಂದ್ ಬರೂದೈತಿ' ಎಂದು ಮೆಲ್ಲಗೂ ನುಡಿಯುವುದು ಇದರ ಖಚಿತ ಗುರುತು.

ನಮ್ಮ ಕ್ಷೇತ್ರಕಾರ್ಯಕ್ಕೆ ಸಿಕ್ಕ ಮಾದರಿ ಒಂದೇ ಒಂದು: ಇಳಕಲ್ಲಿನ ನೇಕಾರರ ಮನೆಯ ಹುಡುಗ, ಟೊರಾಂಟೊ ಬಳಿಯ ಬ್ರಾಂಪ್ಟನ್ನಿನಲ್ಲಿ ನೌಕರಿ. ಒಂದೇ ಮಾದರಿಯಿಂದ ಸಿದ್ಧಾಂತ ಕಟ್ಟಬಹುದೇ ಎಂದು ಅಂಕಿಅಂಶದವರು ಆಕ್ಷೇಪಿಸಬಹುದು. ಐಹೊಳೆಯ ಮೇಗುಟಿ ಗುಡಿಯ ಗೋಡೆಯ ಮೇಲಿನ ರವಿಕೀರ್ತಿಯ ಶಾಸನವೂ ಒಂದೇ ಇದೆ. ಅದರ ಮೇಲೆ ಎಷ್ಟು ಸಂಸಾರಗಳು ಡಾಕ್ಟರೇಟು ಉಂಡಿವೆ ಎಂದು ಅವರು ಮೊದಲು ಎಣಿಸಲಿ. ಹುಡುಗನ ಹೆಸರು ಹೇಳುವುದು ಸಂಶೋಧನಾ ನೀತಿಗೆ ವಿರುದ್ಧ. ಮೇಲಾಗಿ ಅವನ ತಾಯಿ ಬೇಡವೆಂದಿದ್ದಾಳೆ.

ಮೊದಲು ಕಾಲನಿರ್ಣಯ. ಮೊಮ್ಮಗನಿಗೆ ಕಾಯಂ ಆದರೆ ಬನಶಂಕರಿಯ ತೇರಿಗೆ ಅವನ ಕೈಯಿಂದಲೇ ಉತ್ತತ್ತಿ ಎಸೆಸುತ್ತೇನೆಂದು ಅಜ್ಜಿ ಹರಕೆ ಹೊತ್ತಿದ್ದಳು. ದೇವಿ ತಡಮಾಡಲಿಲ್ಲ. 2024ರ ನವೆಂಬರಿನಲ್ಲಿ ಹುಡುಗ ಕೆನಡಾ ಸರಕಾರದ ಪೋರ್ಟಲ್ಲಿನಲ್ಲಿ 'ನಾನು ಈ ದೇಶದೊಳಗೇ ಇದ್ದೇನೆ' ಎಂದು ಘೋಷಿಸಿ, ನೆರಳು ಬೀಳದ ಫೋಟೊ ಏರಿಸಿ, ವಿಳಾಸ ಕೊಟ್ಟು, ಕಾಯಂ ನಿವಾಸದ ದೃಢೀಕರಣ ಪತ್ರವನ್ನು ಪರದೆಯ ಮೇಲೆ ಪಡೆದ. ಆ ಗಳಿಗೆಗೆ ಅವನು ಕಾಯಂ ನಿವಾಸಿಯಾದ. ಇದರಲ್ಲಿ ಯಾವ ವಾದಿಗೂ ಸಂಶಯವಿಲ್ಲ. ಇನ್ನು ಉಳಿದದ್ದು ಕಾರ್ಡು. ಅದು ಅಚ್ಚಾಗಿ ಅಂಚೆಯಲ್ಲಿ ಬರಬೇಕು, ಕೆನಡಾದೊಳಗಿನ ವಿಳಾಸಕ್ಕೇ ಬರಬೇಕು. ಗಡಿಯಾಚೆ ಕಳಿಸುವ ಪದ್ಧತಿಯಿಲ್ಲ. ನವೆಂಬರ್ 15ಕ್ಕೆ ಅಲ್ಲಿನ ಅಂಚೆ ನೌಕರರು ಮುಷ್ಕರ ಹೂಡಿದರು. ಡಿಸೆಂಬರ್ 17ಕ್ಕೆ ಕೆಲಸಕ್ಕೆ ಮರಳಿದಾಗ ದೇಶದ ತುಂಬ ಬಟವಾಡೆಯಾಗದ ಟಪಾಲಿನ ಗುಡ್ಡ. ಬನಶಂಕರಿಯ ತೇರೆಳೆಯುವ ಬನದ ಹುಣ್ಣಿಮೆ 2025ರ ಜನವರಿ 13ಕ್ಕಿತ್ತು. ತೇರು ಯಾವ ಮುಷ್ಕರಕ್ಕೂ ಕಾಯುವುದಿಲ್ಲ. ಹುಡುಗ ಟಿಕೆಟ್ ಕೊಂಡ.

ಹೊರಡುವುದಕ್ಕೆ ಅಡ್ಡಿಯೇನೂ ಇರಲಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೆನಡಾದಿಂದ ಹೊರಬೀಳುವವನನ್ನು ಯಾರೂ ಕಾರ್ಡು ಕೇಳುವುದಿಲ್ಲ. ಕೇಳುವುದು ಒಳಹೋಗುವಾಗ. ಅದೂ ಒಳಹೋಗುವ ಬಾಗಿಲಿನಲ್ಲಲ್ಲ. ಇಲ್ಲೇ ನಮ್ಮ ಶಾಸ್ತ್ರದ ಗಂಟು ಇರುವುದು.

ಯಾಜ್ಞವಲ್ಕ್ಯ ಸ್ಮೃತಿ ವ್ಯವಹಾರದಲ್ಲಿ ಮೂರು ಮಾನುಷ ಪ್ರಮಾಣಗಳನ್ನು ಹೇಳುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಈ ಮೂರೂ ಇಲ್ಲದಾಗ ದಿವ್ಯ, ಅಂದರೆ ಬೆಂಕಿ ನೀರುಗಳ ಪರೀಕ್ಷೆ. ಇದಕ್ಕೆ ವ್ಯಾಖ್ಯಾನ ಬರೆದ ಮಿತಾಕ್ಷರದ ವಿಜ್ಞಾನೇಶ್ವರ ನಮ್ಮವನೇ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದವನು. ಹುಡುಗನ ಪ್ರಕರಣವನ್ನು ಅವನ ಮುಂದಿಟ್ಟರೆ ಒಂದು ಸಂಜೆಯಲ್ಲಿ ತೀರ್ಪಾಗುತ್ತಿತ್ತು. ಲಿಖಿತವಿದೆ: ದೃಢೀಕರಣ ಪತ್ರ. ಭುಕ್ತಿಯಿದೆ: ಬ್ರಾಂಪ್ಟನ್ನಿನ ಬಾಡಿಗೆ ಕೋಣೆ, ಅದರಲ್ಲಿ ಎಷ್ಟೋ ಚಳಿಗಾಲಗಳ ಹಿಮ ಗೋರಿದ ಸೊಂಟನೋವು. ಸಾಕ್ಷಿಯಿದೆ: ಕೋಣೆಯ ಜೊತೆಗಾರ. ವಿಜ್ಞಾನೇಶ್ವರ 'ಹೋಗಿ ಬಾ' ಎನ್ನುತ್ತಿದ್ದ.

ಅಚ್ಚರಿಯೆಂದರೆ ಕೆನಡಾದ ಕಾನೂನೂ ಅದನ್ನೇ ಅನ್ನುತ್ತದೆ. ಅವರ 2001ರ ವಲಸೆ ಕಾಯ್ದೆಯ 19ನೇ ಕಲಮಿನ ಪ್ರಕಾರ, ಬಾಗಿಲಿಗೆ ಬಂದವನು ಕಾಯಂ ನಿವಾಸಿ ಎಂದು ಅಧಿಕಾರಿಗೆ ಮನವರಿಕೆಯಾದರೆ ಒಳಗೆ ಬಿಡಲೇಬೇಕು. ಕಾರ್ಡು ತೋರಿಸಿದರೆ ಮಾತ್ರ ಎಂಬ ಮಾತು ಅಲ್ಲಿಲ್ಲ. ಹಾಗಾದರೆ ಹುಡುಗ ಇಳಕಲ್ಲಿನಲ್ಲಿ ಯಾಕೆ ಕೂತಿದ್ದಾನೆ? ಟೊರಾಂಟೊದ ಬಾಗಿಲಿಗೆ ಹೋಗಲು ವಿಮಾನ ಬೇಕು, ಅದಕ್ಕೆ. 2003ರ ಡಿಸೆಂಬರ್ 31ರಿಂದ, ವಿಮಾನವೋ ಬಸ್ಸೋ ರೈಲೋ ಹಡಗೋ, ಬಾಡಿಗೆ ಪಡೆದು ಕರೆದೊಯ್ಯುವ ಯಾವ ವಾಹನವಾದರೂ ಕಾಯಂ ನಿವಾಸಿಯ ಕಾರ್ಡನ್ನೋ ಅದರ ಬದಲಿ ಪತ್ರವನ್ನೋ ನೋಡಿಯೇ ಹತ್ತಿಸಿಕೊಳ್ಳಬೇಕು. ಕಾಗದ ಸರಿಯಿಲ್ಲದವನನ್ನು ಹತ್ತಿಸಿಕೊಂಡ ಕಂಪನಿಯ ಮೇಲೆ ತಲೆಗೆ 3,200 ಡಾಲರ್ ಬೀಳುತ್ತದೆ. ಹೀಗಾಗಿ ಕೆನಡಾದ ಗಡಿ ಅಟ್ಲಾಂಟಿಕ್ ದಾಟಿ, ಗಂಟುಮೂಟೆ ಸಮೇತ ಬಂದು, ದೇವನಹಳ್ಳಿಯ ವಿಮಾನ ನಿಲ್ದಾಣದ ಚೆಕ್‌ಇನ್ ಕೌಂಟರಿನ ಎದುರಿನ ಹಳದಿ ಗೆರೆಯ ಮೇಲೆ ಮಲಗಿದೆ. ಅದನ್ನು ಕಾಯುವ ದ್ವಾರಪಾಲಕ ಸ್ಕಾರ್ಫ್ ಕಟ್ಟಿದ ಒಬ್ಬ ಹುಡುಗಿ. ಅವಳ ಎದುರು ಒಂದು ಪರದೆ; ಪರದೆ ಹೇಳಿದ್ದೇ ವೇದ. 19ನೇ ಕಲಮು ಬಲ್ಲ ಅಧಿಕಾರಿ ಹದಿಮೂರು ಸಾವಿರ ಕಿಲೋಮೀಟರ್ ಆಚೆ ಕಾಫಿ ಕುಡಿಯುತ್ತಿರುತ್ತಾನೆ.

ಪೂರ್ವಪಕ್ಷ: ಪ್ರಾಚೀನರು ಹೇಗೆ ಓಡಾಡಿದರು? ಇದಕ್ಕೆ ನಮ್ಮ ಸೀಮೆಯಷ್ಟು ಸಮೃದ್ಧ ಆಧಾರ ಬೇರೆಲ್ಲೂ ಇಲ್ಲ. ಹುನಗುಂದ ಸೀಮೆಯ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರು ದೇಶದೇಶ ಸುತ್ತಿದ ವರ್ತಕರು. ಸುಮಾತ್ರಾದ ಬಾರೂಸಿನಲ್ಲಿ ಸಿಕ್ಕ 1088ರ ತಮಿಳು ಶಾಸನ ಐನೂರ್ವರನ್ನು ಹೆಸರಿಸುತ್ತದೆ. ತಮ್ಮ ಪ್ರಶಸ್ತಿಗಳಲ್ಲಿ ಅವರು ಐನೂರು ವೀರಶಾಸನಗಳನ್ನು ಪಡೆದವರೆಂದು ಹೇಳಿಕೊಳ್ಳುತ್ತಾರೆ. ಐನೂರು! ಕಾರ್ಡು ಒಂದಕ್ಕಾಗಿ ಬಾಯಿ ಬಿಡುವ ಇಂದಿನವರು ಇದನ್ನು ಗಮನಿಸಬೇಕು. ಕ್ರಿ.ಶ. 543ರಲ್ಲಿ ಬಾದಾಮಿಯ ಕೋಟೆಯನ್ನು ಗಟ್ಟಿಮಾಡಿದ ಮೊದಲನೆಯ ಪುಲಿಕೇಶಿ ಆ ಸಂಗತಿಯನ್ನು ಅಲ್ಲೇ ಬಂಡೆಗೆ ಕೊರೆಸಿದ. ಬಂಡೆಯನ್ನು ಅಂಚೆಯಲ್ಲಿ ಹಾಕುವ ಪ್ರಮೇಯವೇ ಬರಲಿಲ್ಲ. ದಾನ ಪಡೆದವನು ಹೊತ್ತೊಯ್ಯಬೇಕಾದಾಗ ಮಾತ್ರ ತಾಮ್ರಪಟ, ಅದಕ್ಕೊಂದು ಬಳೆ, ಬಳೆಯ ಮೇಲೆ ವರಾಹ ಮುದ್ರೆ. ರವಿಕೀರ್ತಿಯಂತೂ 634ರಲ್ಲಿ ತನ್ನ ಶಾಸನದ ಕೊನೆಗೆ ತಾನು ಕಾಳಿದಾಸ, ಭಾರವಿಯರಿಗೆ ಸಮನೆಂದು ತಾನೇ ಬರೆದುಕೊಂಡಿದ್ದಾನೆ. ಕೆನಡಾದ ಅಂಕಪದ್ಧತಿಯಲ್ಲಿ ಭಾಷಾ ಸಾಮರ್ಥ್ಯಕ್ಕೆ ಇಷ್ಟು ಸಾಲುವುದಿಲ್ಲ, ಪರೀಕ್ಷೆ ಬರೆಯಬೇಕು.

ಭುಕ್ತಿವಾದಿಗಳಿಗೆ ಇನ್ನೊಂದು ಉದಾಹರಣೆ. 642ರಲ್ಲಿ ಕಂಚಿಯ ಪಲ್ಲವ ದೊರೆ ನರಸಿಂಹವರ್ಮ ವಾತಾಪಿಯನ್ನು, ಅಂದರೆ ಬಾದಾಮಿಯನ್ನು ಹಿಡಿದು, ತನ್ನ ಆಳ್ವಿಕೆಯ ಹದಿಮೂರನೆಯ ವರ್ಷವನ್ನು ನಮ್ಮ ಬಂಡೆಯ ಮೇಲೆ ಕೊರೆಸಿದ. ತನ್ನ ಕಾಯಂ ನಿವಾಸಕ್ಕೆ ತಾನೇ ಮೊಹರು ಒತ್ತಿಕೊಂಡ ಚರಿತ್ರೆಯ ಅಪರೂಪದ ಅರ್ಜಿದಾರ. ವರ್ಷಗಳ ಮೇಲೆ ಒಂದನೆಯ ವಿಕ್ರಮಾದಿತ್ಯ ಬಂದು ಪಲ್ಲವರನ್ನು ಓಡಿಸಿದ. ಕಲ್ಲು ಮಾತ್ರ ಇಂದಿಗೂ ಬಾದಾಮಿಯ ನಿವಾಸಿ. ಇನ್ನು, ಎರಡನೆಯ ಪುಲಿಕೇಶಿಯ ರಾಜ್ಯ ನೋಡಲು ಬಂದ ಹ್ಯೂಯೆನ್‌ತ್ಸಾಂಗನ ವಿಷಯ. ಗಡಿ ದಾಟಬಾರದೆಂಬ ಅರಸನ ಆಜ್ಞೆಯಿದ್ದಾಗ, ಅನುಮತಿಯಿಲ್ಲದೆ ರಾತ್ರೋರಾತ್ರಿ ಚೀನಾದಿಂದ ಹೊರಬಿದ್ದವನು ಆತ. 645ರಲ್ಲಿ ಮರಳಿದಾಗ ಅದೇ ಅರಸ ಸ್ವಾಗತಿಸಿದ. ಇಳಕಲ್ಲಿನ ಹುಡುಗ ಈ ಪ್ರಸಂಗ ಕೇಳಿ ಉತ್ಸಾಹಗೊಂಡು, 'ಅಂವಾ ಯಾವ ಏರ್‌ಲೈನ್ಸಿಂದ ಬಂದಿದ್ದಾ?' ಎಂದು ಕೇಳಿದ. ಕುದುರೆ ಮತ್ತು ಕಾಲ್ನಡಿಗೆ ಎಂದೆವು. ಸುಮ್ಮನಾದ.

ಕಾಲ್ನಡಿಗೆಯನ್ನು ಹಗುರವಾಗಿ ಕಾಣಬೇಕಿಲ್ಲ. ದಿವ್ಯಪರೀಕ್ಷೆಯ ಆಧುನಿಕ ರೂಪ ಅದೇ. ನಿಯಮವಿರುವುದು ಬಾಡಿಗೆಯ ವಾಹನಕ್ಕೆ; ಸ್ವಂತ ಕಾರಿಗಲ್ಲ, ಕಾಲಿಗಂತೂ ಅಲ್ಲ. ಅಮೆರಿಕದ ಬಫಲೊಗೆ ಹಾರಿ, 1927ರಲ್ಲಿ ತೆರೆದ ಪೀಸ್ ಬ್ರಿಜ್ಜನ್ನು ಗೆಳೆಯನ ಕಾರಿನಲ್ಲಿ ದಾಟಿದರೆ, ಅಥವಾ ನಯಾಗರಾದ ರೇನ್‌ಬೋ ಬ್ರಿಜ್ಜಿನ ಮೇಲೆ ನಡೆದೇ ಹೋದರೆ, ಎದುರಾಗುವವನು ಆ 19ನೇ ಕಲಮು ಬಲ್ಲ ಅಧಿಕಾರಿ. ಜಲಪಾತದ ಪಕ್ಕದಲ್ಲಿ ನಡೆಯುವುದರಿಂದ ಇದು ಜಲದಿವ್ಯವೆಂದು ವರ್ಗೀಕರಿಸಲು ಯೋಗ್ಯ. ಒಂದೇ ತೊಡಕು: ಅಮೆರಿಕಕ್ಕೆ ಇಳಿಯಲು ಅಮೆರಿಕದ ವೀಸಾ ಬೇಕು. ಹುಡುಗನ ಬಳಿ ಇರಲಿಲ್ಲ. ಒಂದು ಕಾಗದವಿಲ್ಲದ್ದನ್ನು ತಪ್ಪಿಸಲು ಇನ್ನೊಂದು ಕಾಗದ ಬೇಕೆಂಬ ಈ ಸ್ಥಿತಿಗೆ ತರ್ಕಶಾಸ್ತ್ರದಲ್ಲಿ ಅನವಸ್ಥಾ ದೋಷವೆನ್ನುತ್ತಾರೆ. ಅವನ ಅಪ್ಪ ಬೇರೆ ಮಾತಿನಲ್ಲಿ ಹೇಳಿದ, ಅದನ್ನು ಇಲ್ಲಿ ಅಚ್ಚು ಹಾಕಲಾಗದು.

ಪ್ರಸಂಗವಶಾತ್, ಈ ವಿಷಯದಲ್ಲಿ ಅಮೆರಿಕ ತುಸು ದಯಾಳು. ವಲಸೆ ವೀಸಾದ ಮೇಲೆ ಒಳಬಂದ ದಿನದ ಮುದ್ರೆ ಬಿದ್ದರೆ ಅದೇ ಒಂದು ವರ್ಷ ಗ್ರೀನ್ ಕಾರ್ಡಿನ ಬದಲು ನಡೆಯುತ್ತದೆ. ಆ ಹಸಿರು ಕಾರ್ಡು 1964ರಲ್ಲಿ ನೀಲಿಯಾಗಿ, ಆಮೇಲೆ ಬಣ್ಣ ಬದಲಿಸುತ್ತ, 2010ರಲ್ಲಷ್ಟೇ ಮತ್ತೆ ಹಸಿರಾಯಿತು. ಆಸ್ಟ್ರೇಲಿಯಾದವರು 2015ರಿಂದ ಪಾಸ್‌ಪೋರ್ಟಿಗೆ ಚೀಟಿ ಅಂಟಿಸುವುದನ್ನೇ ಬಿಟ್ಟಿದ್ದಾರೆ. ಅಲ್ಲಿ ನಿಷ್ಕಾರ್ಡ ನಿವಾಸಿ ಎಂಬ ಜೀವಿ ಹುಟ್ಟುವ ಸಂಭವವೇ ಇಲ್ಲ, ಸಂಶೋಧಕರಿಗೆ ನಷ್ಟ.

ಇಷ್ಟಾದರೂ ಈ ಜೀವಿಯನ್ನು ಕಂಡು ಬಾಗಲಕೋಟೆಯವರು ನಗಲಿಲ್ಲವೆಂಬುದನ್ನು ದಾಖಲಿಸಲೇಬೇಕು. ನವನಗರದಲ್ಲಿ ಅವನ ಸೋದರಮಾವನ ಮನೆಯಿದೆ. ಮಾವ ಹಳೇ ಊರಿನ ಮುಳುಗಡೆಯವನು. ಆಲಮಟ್ಟಿಯ ಹಿನ್ನೀರಿಗಾಗಿ ಊರು ಬಿಟ್ಟು, ಚಾರ್ಲ್ಸ್ ಕೊರಿಯಾ ನಕ್ಷೆ ಬರೆದ ಹೊಸ ಊರಿನ ಸೆಕ್ಟರಿಗೆ ಬಂದವನು. ಹಕ್ಕುಪತ್ರ, ಪರಿಹಾರ, ನಿರಾಶ್ರಿತ ಪ್ರಮಾಣಪತ್ರಗಳ ಕಡತವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟುಕೊಂಡವನು. ಕಾಗದಶಾಸ್ತ್ರದಲ್ಲಿ ಅವನಿಗಿರುವ ಪಾಂಡಿತ್ಯದ ಮುಂದೆ ನಮ್ಮದು ಬಾಲಬೋಧೆ. 'ನಿನಗ ಹಕ್ಕ ಬಂದೈತಿ, ಕಾಗದ ಬಂದಿಲ್ಲ. ನಮ್ಮ ಕಡೆ ಕಾಗದ ಬಂದಾವು, ನೀರ ಬಂದಿಲ್ಲ' ಎಂದ. ನೀರು ತಲುಪದ ಮನೆಯೂ ಕಡತದಲ್ಲಿ ಮುಳುಗಿರುವುದು ಇಲ್ಲಿ ಹೊಸ ಸುದ್ದಿಯಲ್ಲ.

ಮಾವನ ವಾದವನ್ನು ಮುಂದುವರಿಸಿದರೆ ಇನ್ನೂ ದೊಡ್ಡ ನಿಷ್ಕಾರ್ಡ ನಿವಾಸಿಯೊಬ್ಬರು ಸಿಗುತ್ತಾರೆ: ಸಾಕ್ಷಾತ್ ಕರ್ನಾಟಕ ಸರಕಾರ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.60 ಮೀಟರಿಗೆ. 524.256 ಮೀಟರಿಗೆ ನಿಲ್ಲಿಸಬಹುದೆಂದು ಕೃಷ್ಣಾ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲೇ ತೀರ್ಪಿತ್ತಿತು. ತೀರ್ಪು ಗೆಜೆಟ್ಟಿನಲ್ಲಿ ಪ್ರಕಟವಾಗಬೇಕು. ವಿಷಯ ಸುಪ್ರೀಂ ಕೋರ್ಟಿನಲ್ಲಿ ಸಿಕ್ಕಿಕೊಂಡು ಪ್ರಕಟಣೆ ಬರಲಿಲ್ಲ. ಅಂದರೆ ಪಿಆರ್ ಆಗಿದೆ, ಕಾರ್ಡು ಬಂದಿಲ್ಲ. ಹುಡುಗ ಕಾದದ್ದು ತಿಂಗಳ ಲೆಕ್ಕ; ಸರಕಾರದ್ದು ದಶಕದ ಲೆಕ್ಕ. ಅದೇ 2010ರಲ್ಲಿ ಮಂಜೂರಾದ ಬಾಗಲಕೋಟೆ–ಕುಡಚಿ ರೈಲಿನ ಮಾತು ಈ ಪ್ರಬಂಧದ ವ್ಯಾಪ್ತಿಗೆ ಹೊರಗಿನದು, ಮತ್ತು ಅಷ್ಟು ಕಾಗದವೂ ನಮ್ಮಲ್ಲಿಲ್ಲ.

ಮನೆಯಲ್ಲಿ ಮೂರು ಪಂಥಗಳು ಹುಟ್ಟಿಕೊಂಡಿದ್ದವು. ಅಪ್ಪ ನೇಕಾರ; ಸೀರೆಯ ಮೈಗೆ ಟೋಪ ತೆನಿ ಹಾಕಿ ಸೆರಗು ಕೂಡಿಸದಿದ್ದರೆ ಅಂಗಡಿಯವನು ಮುಟ್ಟುವುದಿಲ್ಲ, ಹಂಗ ಇದೂ, ಎಂದು ಅವನ ಮತ. ಅಜ್ಜಿಯದು ಶುದ್ಧ ಫಲವಾದ: ಹುಡುಗ ಮನೆಯಲ್ಲಿದ್ದಾನೆ, ಉಣ್ಣುತ್ತಿದ್ದಾನೆ, ಸಮಸ್ಯೆ ಎಲ್ಲಿದೆ? ಮೂರನೆಯದು ಹುಬ್ಬಳ್ಳಿಯ ಏಜೆಂಟನದು. ಅವನು ಸೂಚಿಸಿದ ಮಾರ್ಗವೇ ಶಾಸ್ತ್ರಸಮ್ಮತ: ಕಾಯಂ ನಿವಾಸಿಯ ಪ್ರಯಾಣಪತ್ರ. ಐವತ್ತು ಡಾಲರ್ ಕಟ್ಟಿ ಅರ್ಜಿ ಹಾಕಿದರೆ ಪಾಸ್‌ಪೋರ್ಟಿನಲ್ಲಿ ಒಂದು ಚೀಟಿ ಅಂಟಿಸಿ ಕೊಡುತ್ತಾರೆ, ಸಾಮಾನ್ಯವಾಗಿ ಒಂದು ಸಲ ಒಳಹೋಗಲು. ಅರ್ಜಿಗೆ ಸಾಕ್ಷ್ಯ ಬೇಕು; ಐದು ವರ್ಷದಲ್ಲಿ 730 ದಿನ ಅಲ್ಲಿರುವ ನಿಯಮ ಪಾಲಿಸಬಲ್ಲೆನೆಂದು ತೋರಿಸಬೇಕು. ಇಳಕಲ್ಲಿನ ಕಟ್ಟೆಯ ಮೇಲೆ ಕಳೆದ ದಿನಗಳು ಆ ಲೆಕ್ಕಕ್ಕಿಲ್ಲ. ಕಾರ್ಡನ್ನೇ ಬೇಗ ಅಚ್ಚು ಹಾಕಿಸುವ ತುರ್ತು ಮಾರ್ಗಕ್ಕೆ ಕಾಯಿಲೆ, ಸಾವು, ಉದ್ಯೋಗದಂಥ ಕಾರಣ ಬೇಕು. ಉತ್ತತ್ತಿ ಎಸೆಯುವುದು ಆ ಪಟ್ಟಿಯಲ್ಲಿಲ್ಲ. 2023ರ ಅಕ್ಟೋಬರಿನಲ್ಲಿ ಎರಡು ದೇಶಗಳು ಮುನಿಸಿಕೊಂಡು, ಕೆನಡಾ ತನ್ನ 41 ರಾಜತಾಂತ್ರಿಕರನ್ನು ಹಿಂದೆ ಕರೆಸಿ, ಬೆಂಗಳೂರಿನ ಕಾನ್ಸುಲೇಟಿನ ಮುಖಾಮುಖಿ ಸೇವೆ ನಿಲ್ಲಿಸಿದ್ದನ್ನು ಏಜೆಂಟ ಪ್ರತಿ ಫೋನಿನಲ್ಲೂ ನೆನಪಿಸುತ್ತಿದ್ದ. ತಡಕ್ಕೆ ಅವನ ಫೀಜು ಕಾರಣವಲ್ಲವೆಂದು ತೋರಿಸಲು.

ಪ್ರಯಾಣಪತ್ರಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ಈ ನಡುವೆ ಬ್ರಾಂಪ್ಟನ್ನಿನಿಂದ ಕೋಣೆಯ ಜೊತೆಗಾರ ಫೋನು ಮಾಡಿದ. ಕಾರ್ಡು ಬಂದಿದೆ. ಗುಳೇದಗುಡ್ಡದ ದಂಪತಿ ಮಗಳ ಮನೆಯಿಂದ ಊರಿಗೆ ಹೊರಟಿದ್ದಾರೆ, ಅವರ ಕೈಗೆ ಕೊಟ್ಟಿದ್ದೇನೆ ಎಂದ. ಐನೂರ್ವರ ಪರಂಪರೆ ಅಳಿದಿಲ್ಲವೆಂದು ನಾವು ಟಿಪ್ಪಣಿ ಮಾಡಿಕೊಂಡೆವು. ದಂಪತಿ ಸುಖವಾಗಿ ಬೆಂಗಳೂರಿಗೆ ಇಳಿದರು. ಕಾರ್ಡಿದ್ದ ಚೀಲ ಫ್ರಾಂಕ್‌ಫರ್ಟಿನಲ್ಲಿ ಇಳಿದು ಅಲ್ಲೇ ಉಳಿಯಿತು. ಮಾಲೀಕ ವೀಸಾ ಕಚೇರಿಯ ಉತ್ತರಕ್ಕೆ ಕಾಯುತ್ತಿರುವಾಗ, ಕಾರ್ಡು ತಾನೊಂದೇ ಯಾವ ದಾಖಲೆಯೂ ಇಲ್ಲದೆ ಎರಡು ಖಂಡ ದಾಟಿದ್ದನ್ನು ಶಾಸ್ತ್ರಕಾರರು ಗಮನಿಸಬೇಕು. ಚೀಲ ಈಗ ಬೆಂಗಳೂರಿಗೆ ಬಂದಿದೆಯಂತೆ. ಬಿಡಿಸಿಕೊಳ್ಳಲು ಲಗೇಜಿನ ಚೀಟಿ ತೋರಿಸಬೇಕು. ಚೀಟಿ ದಂಪತಿಯ ಕಿರಿಯ ಅಳಿಯನ ಕಿಸೆಯಲ್ಲಿದೆ. ಅಳಿಯ ಜಾತ್ರೆಯ ನಾಟಕ ನೋಡಲು ಬಾದಾಮಿಗೆ ಹೋಗಿದ್ದಾನೆ, ಫೋನು ಎತ್ತುತ್ತಿಲ್ಲ.