ಡೆಕ್ ಮೀಮಾಂಸೆ: ಇಡೀ ಹಾಡೋ, ತುಂಡು ಸದ್ದೋ?

1. ಅನುಬಂಧ ಚತುಷ್ಟಯ

ಯಾವ ಶಾಸ್ತ್ರವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿದ ಮೇಲೆಯೇ ಬಾಯಿ ತೆರೆಯಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಶಾಸ್ತ್ರದ ವಿಷಯ: ಮದುವೆಮನೆಯ ಡಿಜೆಯ ಲ್ಯಾಪ್‌ಟಾಪಿನಲ್ಲಿರುವ ನಾಲ್ಕು ಡೆಕ್‌ಗಳ ಪೈಕಿ ಎಷ್ಟನ್ನು ಟ್ರ್ಯಾಕ್ ಡೆಕ್ ಮಾಡಬೇಕು, ಎಷ್ಟನ್ನು ಸ್ಯಾಂಪಲ್ ಡೆಕ್ ಮಾಡಬೇಕು ಎಂಬುದು. ಪ್ರಯೋಜನ: ಬಾಕಿ ಹಣ ಅದೇ ರಾತ್ರಿ ಕೈಸೇರುವುದು. ಸಂಬಂಧ: ಮದುಮಗಳ ಕಡೆಯವರದು. ಅಧಿಕಾರಿ: ಶಾಮಿಯಾನದ ಮೂಲೆಯ ಮೇಜಿನ ಹಿಂದೆ ಒಂದು ಕಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು ನಿಂತಿರುವ ಡಿಜೆ. ಇನ್ನೊಬ್ಬ ಅಧಿಕಾರಿ ರಾತ್ರಿ ಹತ್ತಕ್ಕೆ ಜೀಪಿನಲ್ಲಿ ಬರುತ್ತಾರೆ. ಅವರ ವಿಚಾರಕ್ಕೆ ಐದನೆಯ ಪ್ರಕರಣವನ್ನು ಮೀಸಲಿಡಲಾಗಿದೆ.

ಕ್ಷೇತ್ರ: ಕುಮಟೆಯಿಂದ ಹೊನ್ನಾವರದ ಮೇಲೆ ಭಟ್ಕಳದ ತನಕ, ರಾಷ್ಟ್ರೀಯ ಹೆದ್ದಾರಿ 66ರ ಸುಮಾರು ಅರವತ್ತು ಕಿಲೋಮೀಟರ್. ಕಾಲ: ಏಪ್ರಿಲ್, ಮೇ. ಜೂನ್ ಮಳೆ ಬಿದ್ದೊಡನೆ ಶಾಮಿಯಾನ ಬಿಚ್ಚುವುದರಿಂದ ಈ ಶಾಸ್ತ್ರಕ್ಕೂ ಚಾತುರ್ಮಾಸ್ಯ.

2. ಲಕ್ಷಣ ಪ್ರಕರಣ

ಟ್ರ್ಯಾಕ್ ಡೆಕ್ಕಿನಲ್ಲಿ ಹಾಡು ಇಡಿಯಾಗಿ ಕೂರುತ್ತದೆ. ಅದರ ಅಲೆಯ ಚಿತ್ರ ತೆರೆಯ ಮೇಲೆ ಓಡುತ್ತದೆ. ತಾಳದ ಗೆರೆಗಳು, ಬೇಕಾದಲ್ಲಿಗೆ ಹಾರಲು ಕ್ಯೂ, ಸುತ್ತು ಹಾಕಿಸಲು ಲೂಪ್, ವೇಗ ಬದಲಾದರೂ ಶ್ರುತಿ ಕೆಡದಂತೆ ಕೀಲಾಕ್, ಇವು ಅದರ ಆಭರಣಗಳು. ಸ್ಯಾಂಪಲ್ ಡೆಕ್ಕಿನಲ್ಲಿ ಹಾಡಿಲ್ಲ, ತುಂಡುಗಳಿವೆ: ಒಮ್ಮೆ ಬಡಿದು ಸುಮ್ಮನಾಗುವ ಹಾರ್ನ್, ಅಥವಾ ನಿಲ್ಲಿಸು ಎನ್ನುವ ತನಕ ಸುತ್ತುತ್ತಲೇ ಇರುವ ಲೂಪ್.

ಬರ್ಲಿನ್ನಿನ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 2011ರ ಟ್ರ್ಯಾಕ್ಟರ್ ಪ್ರೊ 2 ಎಂಬ ಡಿಜೆ ತಂತ್ರಾಂಶದಲ್ಲಿ ನಾಲ್ಕು ಸ್ಲಾಟುಗಳ ಸ್ಯಾಂಪಲ್ ಡೆಕ್ಕನ್ನು ತಂದಿತು. (ಗದ್ದೆಯ ಟ್ರ್ಯಾಕ್ಟರ್ ಬೇರೆ. ಅದು ಮೆರವಣಿಗೆಯಲ್ಲಿ ಬಾಕ್ಸುಗಳನ್ನು ಹೊರುತ್ತದೆ, ಇದು ಬಾಕ್ಸುಗಳಿಂದ ಸದ್ದು ಹೊರಡಿಸುತ್ತದೆ.) 2012ರ 2.5 ಆವೃತ್ತಿಯಲ್ಲಿ ಅದೇ ಡೆಕ್ ರಿಮಿಕ್ಸ್ ಡೆಕ್ ಎಂದು ಪುನರ್ಜನ್ಮ ಪಡೆದು, ಸ್ಲಾಟಿಗೆ 16ರಂತೆ 64 ಮನೆಗಳ ಯಜಮಾನನಾಯಿತು. 2015ರಲ್ಲಿ ಸ್ಟೆಮ್ ಬಂದು ಒಂದೇ ಹಾಡು ಡ್ರಮ್, ಬೇಸ್, ವಾದ್ಯ, ಕಂಠ ಎಂದು ನಾಲ್ಕು ಹಿಸ್ಸೆಯಾಯಿತು. ಹಿಸ್ಸೆಯಾದ ಮೇಲೂ ಕೋರ್ಟಿಗೆ ಹೋಗದ ಏಕೈಕ ಆಸ್ತಿ ಇದೇ ಇರಬೇಕು.

ಸೆರಾಟೋ, ವರ್ಚುವಲ್ ಡಿಜೆ ಎಂಬ ಇತರ ತಂತ್ರಾಂಶಗಳಲ್ಲಿ ಸ್ಯಾಂಪ್ಲರ್ ಡೆಕ್ಕುಗಳಿಂದ ಬೇರೆಯಾಗಿಯೇ ಇರುವುದರಿಂದ ಅಲ್ಲಿ ಇದೋ ಅದೋ ಎಂಬ ವಿವಾದ ಹುಟ್ಟುವುದಿಲ್ಲ. ವಿವಾದವಿಲ್ಲದ ಕಡೆ ಪಂಡಿತರಿಗೆ ಕೆಲಸವಿಲ್ಲ. ಆದಕಾರಣ ಅವನ್ನು ಈ ಗ್ರಂಥದಿಂದ ಹೊರಗಿಡಲಾಗಿದೆ.

3. ಶಾಖಾ ಪ್ರಕರಣ

ಈ ವಿಷಯದಲ್ಲಿ ಮೂರು ಶಾಖೆಗಳಿವೆ. ಇದಕ್ಕೆ ಪುರಾವೆ: ತಾಲೂಕುಗಳು ಮೂರಿವೆ.

ಭಟ್ಕಳ ಶಾಖೆಯವರು ಪೂರ್ಣಗೀತವಾದಿಗಳು. ದುಬೈಯಿಂದ ರಜೆಗೆ ಬಂದ ಭಾವ ಪೆನ್‌ಡ್ರೈವ್ ತಂದಿರುತ್ತಾನೆ. ಅದರಲ್ಲಿ ಮಲಯಾಳಂ, ಹಿಂದಿ, ಅರಬ್ಬಿ ಹಾಡುಗಳು, ಜೊತೆಗೆ ಯಾರದೋ ಗೃಹಪ್ರವೇಶದ ಫೋಟೊಗಳು. ಅವನಿಗೆ ಹಾಡು ಮೊದಲಿಂದ ಕೊನೆಯ ತನಕ ಬೇಕು. ಕುಮಟಾ ಶಾಖೆಯವರು ಖಂಡವಾದಿಗಳು. ಇಡೀ ಹಾಡು ಕೇಳುವ ತಾಳ್ಮೆ ಯಾರಿಗಿದೆ, ಪಲ್ಲವಿ ಬಂತೋ ಕತ್ತರಿಸು ಎನ್ನುವವರು. ಹೊನ್ನಾವರ ಶಾಖೆ ನಡುವೆ ಸಿಕ್ಕಿಬಿದ್ದಿದ್ದು, ಭೂಗೋಳದ ಕಾರಣದಿಂದಲೇ ಮಧ್ಯಮಮಾರ್ಗಿಯಾಗಿದೆ.

4. ಪೂರ್ವಪಕ್ಷ

ಖಂಡವಾದಿಗಳು ಹೇಳುವುದೇನೆಂದರೆ, ಈ ಕರಾವಳಿಗೆ ಸ್ಯಾಂಪಲ್ ಡೆಕ್ ಬಂದದ್ದು 2011ರಲ್ಲಲ್ಲ. ಹೊನ್ನಾವರ ತಾಲೂಕಿನ ಗುಣವಂತೆಗೆ ಹೋಗಿ ನೋಡಿ ಎನ್ನುತ್ತಾರೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಹಿಮ್ಮೇಳದಲ್ಲಿ ಭಾಗವತರ ಪದ್ಯ ಇಡಿಯಾಗಿ ಸಾಗುತ್ತದೆ, ಮದ್ದಲೆ ಜೊತೆಗಿರುತ್ತದೆ. ಚಂಡೆ ಮಾತ್ರ ಸದಾ ಬಡಿಯುವುದಿಲ್ಲ. ವೀರ, ರೌದ್ರದ ಹೊತ್ತು ಬಂದಾಗ ಬೀಳುತ್ತದೆ, ಸಭೆಯಲ್ಲಿ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂರುತ್ತಾರೆ. ಸ್ಯಾಂಪಲ್ಲೆಂದರೆ ಇದಲ್ಲದೆ ಇನ್ನೇನು?

ಪೂರ್ಣಗೀತವಾದಿಗಳ ಖಂಡನೆ ಹೀಗಿದೆ. ಚಂಡೆಯವರು ಭಾಗವತರ ತಾಳವನ್ನು ನೋಡಿಕೊಂಡು ಬಾರಿಸುತ್ತಾರೆ. ಭಾಗವತರು ಕಾಲ ಏರಿಸಿದರೆ ಅವರೂ ಏರಿಸುತ್ತಾರೆ. ಯಂತ್ರದ ಸ್ಯಾಂಪಲ್ ನೋಡುವುದು ತೆರೆಯ ಮೇಲಿನ ತಾಳದ ಗೆರೆಯನ್ನು. ಗೆರೆಗಳ ನಡುವಿನ ಅಂತರ ಹಾಡಿನುದ್ದಕ್ಕೂ ಒಂದೇ ಎಂದು ಅದರ ನಂಬಿಕೆ. ಕಂಪ್ಯೂಟರ್ ತಾಳಕ್ಕೆ ಕಟ್ಟಿದ ಇಂದಿನ ಹಾಡಿಗೆ ಈ ನಂಬಿಕೆ ಸರಿ. ಸ್ಟುಡಿಯೋದಲ್ಲಿ ವಾದ್ಯಗೋಷ್ಠಿಯೇ ಒಟ್ಟಿಗೆ ಕೂತು ನುಡಿಸಿದ ಹಳೆಯ ಸಿನಿಮಾ ಹಾಡು ಚರಣಕ್ಕೆ ಬರುವಾಗ ಒಂದು ಕೂದಲಿನಷ್ಟು ಓಡಿರುತ್ತದೆ, ಪಲ್ಲವಿಗೆ ಮರಳುವಾಗ ಅಷ್ಟೇ ನಿಧಾನಿಸಿರುತ್ತದೆ. ಅದಕ್ಕೆ ತಾಳ ಹೊಂದಿಸುವ ಸಿಂಕ್ ಗುಂಡಿ ಒತ್ತಿ ಡ್ರಮ್ ಲೂಪ್ ಸೇರಿಸಿದರೆ ಎಂಟು ಆವರ್ತ ಮುಗಿಯುವುದರೊಳಗೆ ಎರಡೂ ಹಾದಿ ಬಿಟ್ಟು, ಎರಡು ಮದುವೆ ಒಂದೇ ಹಾಲ್‌ನಲ್ಲಿ ನಡೆದಂತಾಗುತ್ತದೆ. 2024ರ ಟ್ರ್ಯಾಕ್ಟರ್ ಪ್ರೊ 4ರಲ್ಲಿ ಹಾಡಿನೊಡನೆ ಬಾಗುವ ಗೆರೆಗಳು ಬಂದಿವೆ. ಭಾಗವತರ ಎದುರು ಯಂತ್ರ ಬಾಗಲು ಕಲಿಯಿತೆಂದು ಪೂರ್ಣಗೀತವಾದಿಗಳು ಇದನ್ನು ವಿಜಯವೆಂದು ಬರೆದುಕೊಂಡಿದ್ದಾರೆ.

5. ಪ್ರಮಾಣ ಪ್ರಕರಣ

ಪ್ರತ್ಯಕ್ಷ ಪ್ರಮಾಣ: ಮೆಹಂದಿ ರಾತ್ರಿ, ಕುಣಿತ ಏರಿದ ಹೊತ್ತಿಗೆ ಕರೆಂಟು ಹೋಯಿತೆಂದು ಇಟ್ಟುಕೊಳ್ಳಿ. ಎರಡು ಟಾಪ್, ಎರಡು ಬೇಸ್ ಬಾಕ್ಸುಗಳು ಒಟ್ಟಿಗೇ ಸತ್ತವು. ಲ್ಯಾಪ್‌ಟಾಪಿಗೆ ಬ್ಯಾಟರಿಯಿದೆ, ಕಂಟ್ರೋಲರಿಗೆ ಲ್ಯಾಪ್‌ಟಾಪಿನ ಆಸರೆಯಿದೆ. ಹಾಡು ಯಾರಿಗೂ ಕೇಳಿಸದೆ ತನ್ನ ಪಾಡಿಗೆ ಮುಂದೆ ಓಡುತ್ತದೆ. ಮದುಮಗನ ಗೆಳೆಯರು ಎತ್ತಿದ ಕೈ ಇಳಿಸಿಲ್ಲ. ಯಾರೋ ಜನರೇಟರಿನ ಹಗ್ಗ ಮೂರು ಸಲ ಎಳೆದು, ನಾಲ್ಕನೆಯದಕ್ಕೆ ಅದು ಕೆಮ್ಮಿ, ಸದ್ದು ಮರಳುವಾಗ ಪಲ್ಲವಿ ಮುಗಿದು ನಾಯಕಿ ಅಳುವ ಜಾಗ ಬಂದಿದೆ. ಸ್ಯಾಂಪಲ್ ಲೂಪಿಗೆ ಈ ಸಂಕಟವಿಲ್ಲ. ಕರೆಂಟು ಯಾವಾಗ ಹೋದರೂ, ಯಾವಾಗ ಬಂದರೂ ಅದು ಅದೇ ನಾಲ್ಕು ಪೆಟ್ಟಿನಲ್ಲಿರುತ್ತದೆ. ನಿತ್ಯವಾದದ್ದು ಯಾವುದು, ಅನಿತ್ಯವಾದದ್ದು ಯಾವುದು ಎಂಬ ಹಳೆಯ ಜಿಜ್ಞಾಸೆಗೆ ಜನರೇಟರ್ ಕೊಟ್ಟ ಉತ್ತರ ಇದು.

ಅನುಮಾನ ಪ್ರಮಾಣ: ಸೋದರಮಾವ ಮೇಜಿನ ಕಡೆ ನಡೆದು ಬರುತ್ತಿದ್ದರೆ ಹಳೆಯ ಹಾಡು ಬರಲಿದೆಯೆಂದು ತಿಳಿಯಬೇಕು. "ತಮಾ, ಅದೊಂದ್ ಹಾಕಾ" ಎನ್ನುತ್ತಾರೆ. "ಯಾವ್ದು ಮಾವ?" ಎಂದರೆ, "ಅದೇ, ಹಳೇದು." ಇದಕ್ಕೆ ಸ್ಯಾಂಪಲ್ ಡೆಕ್ಕಿನಲ್ಲಿ ಉತ್ತರವಿಲ್ಲ. ಮಾವನಿಗೆ ನಾಲ್ಕು ಸೆಕೆಂಡಿನ ಹಳೇದು ಸಾಲದು. ಹಾಕಿದ ಹಾಡನ್ನು ಸಿಂಕ್ ಇಲ್ಲದೆ, ಕತ್ತರಿಯಿಲ್ಲದೆ, ಕೊನೆಯ ವಯಲಿನ್ ಆರುವ ತನಕ ಬಿಡಬೇಕು. ಖರ್ಚಿನ ಲೆಕ್ಕ ಅವರ ಕೈಯಲ್ಲಿದೆ.

ಶಬ್ದ ಪ್ರಮಾಣ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. 45 ಡೆಸಿಬಲ್ಲಿನಲ್ಲಿ ಟ್ರ್ಯಾಕ್, ಸ್ಯಾಂಪಲ್ ಎಂಬ ಭೇದವೇ ಇಲ್ಲ, ಚಪ್ಪರದಲ್ಲಿ ಎರಡೂ ಕೇಳಿಸುವುದಿಲ್ಲ. ಇದಕ್ಕೇ ಅದ್ವೈತವೆನ್ನುವುದು. ಆದರೆ 9 ಗಂಟೆ 57 ನಿಮಿಷಕ್ಕೆ ಭೇದ ಬಹಳವಿದೆ. ಆಗ ಹಾಕಿದ ನಾಲ್ಕೂವರೆ ನಿಮಿಷದ ಹಾಡು ಕಾನೂನನ್ನು ದಾಟಿಯೇ ಮುಗಿಯುತ್ತದೆ. ಲೂಪನ್ನು ಜೀಪಿನ ದೀಪ ತಿರುವಿನಲ್ಲಿ ಕಂಡೊಡನೆ ಯಾವ ಪೆಟ್ಟಿನಲ್ಲಾದರೂ ನಿಲ್ಲಿಸಿ, ಅದು ನಿಲ್ಲಬೇಕಾದದ್ದೇ ಅಲ್ಲಿ ಎಂಬ ಮುಖ ಮಾಡಬಹುದು.

ಇನ್ನೊಂದು ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 52(1)(ಝಡ್‌ಎ) ಧಾರ್ಮಿಕ ವಿಧಿಗಳಲ್ಲಿ ಹಾಡು ಹಾಕುವುದಕ್ಕೆ ವಿನಾಯಿತಿ ಕೊಟ್ಟು, ಮದುವೆ ಮೆರವಣಿಗೆ ಹಾಗೂ ಮದುವೆಗೆ ಸೇರಿದ ಇತರ ಸಮಾರಂಭಗಳನ್ನೂ ಧಾರ್ಮಿಕ ವಿಧಿಯೊಳಗೆ ಎಣಿಸಿದೆ. ಅಲ್ಲಿಗೆ ಡಿಜೆಯೂ ಪುರೋಹಿತರ ಪಂಕ್ತಿಗೆ ಬಂದ ಹಾಗಾಯಿತು. ಪುರೋಹಿತರು ಇದನ್ನಿನ್ನೂ ಒಪ್ಪಿಲ್ಲ.

6. ಸಿದ್ಧಾಂತ

ಮೇಲಿನ ಪ್ರಮಾಣಗಳಿಂದ ಏರ್ಪಡುವ ನಿರ್ಣಯ: ಹಾಡನ್ನು ಆರಿಸುವವರು ಮಾವ, ನಿಲ್ಲಿಸುವವರು ಪೊಲೀಸರು, ಮುರಿಯುವುದು ಕರೆಂಟು. ಡಿಜೆಯ ಪಾಲಿಗೆ ಉಳಿಯುವುದು ಎರಡು ಹಾಡುಗಳ ನಡುವಿನ ಬಿರುಕು. ಆ ಬಿರುಕನ್ನು ಮುಚ್ಚಲು ಎಷ್ಟು ಬೇಕೋ ಅಷ್ಟೇ ಸ್ಯಾಂಪಲ್ ಸಾಕು.

ಆದ್ದರಿಂದ ಎ ಮತ್ತು ಬಿ ಡೆಕ್‌ಗಳು ಟ್ರ್ಯಾಕಿಗೆ. ಒಂದರಲ್ಲಿ ನಡೆಯುವ ಹಾಡು, ಇನ್ನೊಂದರಲ್ಲಿ ಕಾಯುವ ಹಾಡು. ಎರಡೇ ಚಾನೆಲ್ಲಿನ ಕಂಟ್ರೋಲರ್ ಇರುವವರಿಗೆ ಈ ಎರಡು ನೇರ ಕೈಗೆ ಸಿಗುತ್ತವೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಡೆಕ್ ಬದಲಿಸುವ ಗುಂಡಿ ಒತ್ತಬೇಕು, ಗಡಿಬಿಡಿಯಲ್ಲಿ ಒತ್ತಿದೆನೋ ಇಲ್ಲವೋ ಎಂಬುದು ಮರೆಯುತ್ತದೆ.

ಸಿ ಸ್ಯಾಂಪಲಿಗೆ. ಅರವತ್ತನಾಲ್ಕು ಮನೆ ತುಂಬುವ ದುರಾಸೆ ಬೇಡ, ಕತ್ತಲಲ್ಲಿ ಬೆರಳಿಗೆ ನೆನಪಿರುವುದು ನಾಲ್ಕು. ಮೊದಲನೆಯದರಲ್ಲಿ ಹಾರ್ನ್. ಎರಡನೆಯದರಲ್ಲಿ ಶಿಳ್ಳೆ, ಚಪ್ಪಾಳೆ. ಜನ ಹೊಡೆಯದಿದ್ದಾಗ ಬೇಕಾಗುತ್ತದೆ. ಮೂರನೆಯದರಲ್ಲಿ ಜನರೇಟರ್ ಏಳುವ ತನಕ ಕಾಯುವ ಡ್ರಮ್ ಲೂಪ್. ನಾಲ್ಕನೆಯದರಲ್ಲಿ ಡಿಜೆಯದೇ ಧ್ವನಿ: "ಗೇಟಿನ ಎದುರಿಗೆ ನಿಲ್ಸಿದ ಬಿಳಿ ಕಾರನ್ನ ದಯವಿಟ್ಟು ತೆಗೀರಿ." ಮೂರೂ ತಾಲೂಕುಗಳಲ್ಲಿ ಸಂದರ್ಭ ತಪ್ಪದೆ ಹೊಂದುವ ಸ್ಯಾಂಪಲ್ ಇದೊಂದೇ.

ಡಿ ಡೆಕ್ ಭಾವನ ಪೆನ್‌ಡ್ರೈವಿಗೆ ಮೀಸಲು. ಅವನ ಹಾಡನ್ನು ಅದರಲ್ಲಿ ಹಾಕಿ, ಅಲೆಯ ಚಿತ್ರ ತೆರೆಯ ಮೇಲೆ ಓಡುತ್ತಿರುವುದನ್ನು ತೋರಿಸಬೇಕು. ಸದ್ದು ಏರಿಸುವ ಫೇಡರ್ ಕೆಳಗೇ ಇರಲಿ. ಅವನು ತಲೆದೂಗಿ ಹೋಗುತ್ತಾನೆ.

7. ಫಲಶ್ರುತಿ

ಈ ಮೀಮಾಂಸೆಯನ್ನು ಅರ್ಥವಾಗದೆ ಓದಿದವನಿಗೆ ಡಾಕ್ಟರೇಟು. ಅರ್ಥ ಮಾಡಿಕೊಂಡು ಓದಿದವನಿಗೆ ಮುಂದಿನ ಮದುವೆಯ ಬುಕಿಂಗು. ಓದುವ ಗೋಜಿಗೇ ಹೋಗದೆ ಬೇಸ್ ಬಾಕ್ಸಿನ ಒಂದು ತುದಿ ಹಿಡಿದವನಿಗೆ ಮೊದಲ ಪಂಕ್ತಿಯ ಊಟ.